ವಿಶ್ವಶಾಂತಿಗೆ ಎರಡು ಸೇರು ಮಂಡಕ್ಕಿ: ನಿಮ್ಮ ಬೀದಿಯಲ್ಲೇ ಶುರು ಮಾಡುವುದು ಹೇಗೆ

ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಮೊದಲ ಸಲ ಸರ್ವಧರ್ಮ ಸಮ್ಮೇಳನ ಮಾಡಿದಾಗ ಖರ್ಚಾಗಿದ್ದು 18 ಸಾವಿರ ರೂಪಾಯಿ. ಶಾಮಿಯಾನ, ಮೈಕ್ ಸೆಟ್, ಹಾರ, ಶಾಲು, ಪೇಟ, ಏನೂ ಕಮ್ಮಿ ಇರಲಿಲ್ಲ. ವೇದಿಕೆ ಮೇಲೆ ಒಬ್ಬರು ಸ್ವಾಮೀಜಿ, ಒಬ್ಬರು ಮೌಲ್ವಿ, ಒಬ್ಬರು ಫಾದರ್. ಮೂವರೂ ಎಲ್ಲ ಧರ್ಮಗಳ ಸಾರ ಒಂದೇ ಅಂತ ತಲಾ ಮುಕ್ಕಾಲು ಗಂಟೆ ಮಾತಾಡಿದರು. ಕೆಳಗೆ ಕೂತವರು ತಮ್ಮವರ ಭಾಷಣಕ್ಕೆ ಚಪ್ಪಾಳೆ ತಟ್ಟಿದರು, ಉಳಿದವರ ಭಾಷಣ ನಡೆಯುವಾಗ ಮೊಬೈಲ್ ನೋಡಿದರು. ಕೊನೆಗೆ ಉಪ್ಪಿಟ್ಟು, ಕೇಸರಿಬಾತ್ ಕೊಟ್ಟೆವು. ತಟ್ಟೆ ಹಿಡಿದುಕೊಂಡು ಜನ ಮೂರು ಗುಂಪಾಗಿ ಮೂರು ಮೂಲೆಯಲ್ಲಿ ನಿಂತು ತಿಂದರು. ಮುಂದಿನ ವಾರವೇ ನಲ್ಲಿ ನೀರಿನ ವಿಷಯಕ್ಕೆ ಹಿಂದಿನ ಬೀದಿಯವರ ಜೊತೆ ಜಗಳ ಬಂತು. ಬಿಡಿಸೋಣ ಅಂದರೆ ಆ ಕಡೆಯ ಒಬ್ಬರ ಫೋನ್ ನಂಬರೂ ನಮ್ಮ ಹತ್ತಿರ ಇರಲಿಲ್ಲ.

ಆ ಸಮ್ಮೇಳನದ ಖಜಾಂಚಿ ನಾನೇ. ಹಾಗಾಗಿ ಇದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಆಮೇಲೆ ಶಾಮಿಯಾನ ಬಿಟ್ಟೆವು. ತಿಂಗಳಿಗೊಮ್ಮೆ ಹತ್ತು ಹನ್ನೆರಡು ಜನ ಯಾರದಾದರೂ ಮನೆಯಲ್ಲಿ ಸೇರಿ ಮಂಡಕ್ಕಿ ತಿನ್ನಲು ಶುರು ಮಾಡಿದೆವು. ಈಗ ಐದನೇ ವರ್ಷ. ಇದನ್ನು ವಿಶ್ವಶಾಂತಿ ಅಂತ ಕರೆದರೆ ನಮ್ಮ ಮನೆಯಲ್ಲೇ ನಗುತ್ತಾರೆ. ಆದರೆ ಬೇರೆ ದೇಶಗಳಲ್ಲಿ ನಿಜವಾಗಿ ಕೆಲಸ ಮಾಡಿದ ಪ್ರಯತ್ನಗಳನ್ನು ಓದಿ ನೋಡಿದರೆ ಅವೂ ಹೆಚ್ಚುಕಡಿಮೆ ಇಷ್ಟೇ ಚಿಕ್ಕದಾಗಿ ಶುರುವಾಗಿವೆ. ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಮಕ್ಕಳು ಒಟ್ಟಿಗೆ ಕೂತು ಓದುವ ಲಗನ್ ಕಾಲೇಜು 1981ರಲ್ಲಿ ಶುರುವಾಯಿತು. ಆಗ ಬಂದಿದ್ದು ಬರೀ 28 ಮಕ್ಕಳು, ಅದೂ ಊರಲ್ಲಿ ಬಾಂಬು, ಗುಂಡು ನಡೆಯುತ್ತಿದ್ದ ಕಾಲದಲ್ಲಿ.

ನೀವೂ ನಿಮ್ಮ ಬೀದಿಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ಊರಿನಲ್ಲಿ ಇಂಥದ್ದು ಶುರು ಮಾಡಬೇಕು ಅಂತಿದ್ದರೆ, ನಾವು ಎಡವಿ ಕಲಿತದ್ದನ್ನು ಬರೆದಿದ್ದೇನೆ.

ಮೊದಲು ಊರಿನ ಹಳೇ ನಂಟು ಹುಡುಕಿ

ಹೊಸದಾಗಿ ಏನನ್ನೋ ಕಟ್ಟಲು ಹೋಗುವ ಮುಂಚೆ ಇರುವುದನ್ನು ನೋಡಿ. ಕರ್ನಾಟಕದಲ್ಲಿ ಇದಕ್ಕೆ ಬರ ಇಲ್ಲ. ಬೆಂಗಳೂರು ಕರಗ ಧರ್ಮರಾಯನ ಗುಡಿಯಿಂದ ಹೊರಟು ರಾತ್ರಿ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ ಕಟ್ಟಿಸಿದ್ದು ಬಪ್ಪ ಎಂಬ ಬ್ಯಾರಿ (ಕರಾವಳಿಯ ಮುಸ್ಲಿಂ) ವ್ಯಾಪಾರಿ ಎಂದು ಅಲ್ಲಿನ ಸ್ಥಳಪುರಾಣ ಹೇಳುತ್ತದೆ, ಊರಿನ ಹೆಸರಲ್ಲೇ ಅವನಿದ್ದಾನೆ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಒಂದೇ ಒಂದು ಮುಸ್ಲಿಂ ಮನೆ ಇಲ್ಲದಿದ್ದರೂ ಮೊಹರಂನಲ್ಲಿ ಅಲೈ ದೇವರು ಕೂರಿಸುತ್ತಾರೆ, ಹಿಂದೂಗಳೇ ಹರಕೆ ಹೊರುತ್ತಾರೆ, ಕೆಂಡ ಹಾಯುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಂಚಿನ ಸಿದ್ದಿಗಳನ್ನು ನೋಡಿ. ಆಫ್ರಿಕಾದಿಂದ ಬಂದವರ ವಂಶದವರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಇದ್ದಾರೆ, ಆದರೆ ಯಾರನ್ನೇ ಕೇಳಿದರೂ ಮೊದಲು ಹೇಳುವುದು ತಾವು ಸಿದ್ದಿಗಳು ಅಂತ.

ನಿಮ್ಮ ಊರಿನಲ್ಲೂ ಒಂದಾದರೂ ಇರುತ್ತದೆ. ಎಪ್ಪತ್ತು ದಾಟಿದ ಮೂರ್ನಾಲ್ಕು ಜನರ ಹತ್ತಿರ ಹೋಗಿ ಕೂರಿ. ಜಾತ್ರೆಯ ತೇರಿಗೆ ಹಗ್ಗ ಯಾರು ಕೊಡುತ್ತಿದ್ದರು, ಉರುಸಿಗೆ ಗಂಧ ಯಾರ ಮನೆ ಮುಂದೆ ನಿಲ್ಲುತ್ತಿತ್ತು, ಬಾವಿ ತೋಡಿದವರು ಯಾರು, ಬ್ಯಾಂಡ್ ಸೆಟ್ ಯಾರದು ಅಂತ ಕೇಳಿ. 'ನಮ್ಮೂರಲ್ಲಿ ಸೌಹಾರ್ದ ಹೇಗಿತ್ತು' ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಭಾಷಣ ಬರುತ್ತದೆ. ತೇರಿನ ಹಗ್ಗದ ಬಗ್ಗೆ ಕೇಳಿದರೆ ಕಥೆ ಬರುತ್ತದೆ.

ಒಂದು ಎಚ್ಚರಿಕೆ. ಇಂಥ ಜಾಗಗಳಲ್ಲಿ ಕೆಲವು ಈಗ ಕೋರ್ಟು ಕಚೇರಿಯಲ್ಲಿವೆ. ಅಲ್ಲಿಂದ ಶುರು ಮಾಡಬೇಡಿ. ಯಾರಿಗೂ ತಕರಾರು ಇಲ್ಲದ ಚಿಕ್ಕ ನಂಟು ಹಿಡಿಯಿರಿ.

ಯಾರನ್ನು ಕರೆಯುವುದು

ಮುಖಂಡರನ್ನು ಬಿಡಿ. ಅವರ ಮೇಲೆ ಸಿಟ್ಟಿನಿಂದ ಹೇಳುತ್ತಿಲ್ಲ. ಮುಖಂಡ ಅಂದಮೇಲೆ ತನ್ನವರ ಪರವಾಗಿಯೇ ಮಾತಾಡಬೇಕಾಗುತ್ತದೆ, ಅದು ಅವರ ಕರ್ಮ. ನಿಮಗೆ ಬೇಕಾಗಿರುವುದು ದಿನಾ ಎಲ್ಲ ಜಾತಿಯವರೂ ಬಂದುಹೋಗುವ ಜಾಗದಲ್ಲಿ ಕೂರುವವರು. ಮೆಡಿಕಲ್ ಶಾಪಿನವರು, ಟೈಲರ್ ಚಾಚಾ, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಹಾಲಿನ ಬೂತಿನವರು, ಆಟೋ ಓಡಿಸುವವರು. ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಇವರಿಗೆ ಗೊತ್ತಿರುತ್ತದೆ.

ಹೆಂಗಸರು ಅರ್ಧದಷ್ಟಾದರೂ ಇರಲಿ. ನಮ್ಮ ಮೊದಲ ಮೂರು ತಿಂಗಳು ಬರೀ ಗಂಡಸರೇ ಇದ್ದೆವು. ಮಾತೆಲ್ಲ ಕ್ರಿಕೆಟ್ಟು, ರಾಜಕೀಯ, ಮತ್ತೆ ರಾಜಕೀಯ. ನಾಲ್ಕನೇ ತಿಂಗಳು ಆಶಾ ಅಕ್ಕ ಬಂದರು, ಜೊತೆಗೆ ಹಿಂದಿನ ಬೀದಿಯ ಖಾಲಾ ಒಬ್ಬರನ್ನು ಕರೆತಂದರು. ಅರ್ಧ ಗಂಟೆಯಲ್ಲಿ ಬಾಣಂತಿಗೆ ಯಾರ ಮನೆಯಲ್ಲಿ ಏನು ಕೊಡುತ್ತಾರೆ ಅನ್ನುವ ಚರ್ಚೆ ಶುರುವಾಯಿತು, ಅದು ಮುಗಿಯಲೇ ಇಲ್ಲ.

ಜಾತಿ ಮರೆಯಬೇಡಿ. ನಮ್ಮಲ್ಲಿ ಧರ್ಮ ಧರ್ಮಗಳ ನಡುವೆ ಸೌಹಾರ್ದ ಅಂತ ಮಾತಾಡುವಾಗ ಮೂರು ಧರ್ಮದ ಮೇಲ್ಸ್ತರದವರು ಕೂತು ಕಾಫಿ ಕುಡಿದು ಎದ್ದು ಹೋಗುವುದುಂಟು. ಊರ ಕೊನೆಯ ಕೇರಿಯವರಿಗೆ ಮಾತ್ರ ಕರೆ ಹೋಗಿರುವುದಿಲ್ಲ.

ಕರೆಯುವಾಗ ಮನೆಗೇ ಹೋಗಿ ಕರೆಯಿರಿ, ವಾಟ್ಸ್ಆ್ಯಪ್ ಬೇಡ. ಹೊಸಿಲ ಹತ್ತಿರ ನಿಂತು 'ಶನಿವಾರ ಸಾಯಂಕಾಲ ಸುಮ್ನೆ ಒಂದು ಗಂಟೆ ಬನ್ನಿ, ಭಾಷಣ ಇಲ್ಲ, ಮಂಡಕ್ಕಿ ಇದೆ' ಅಂದರೆ ಸಾಕು. ಎಂಟರಿಂದ ಹನ್ನೆರಡು ಜನ. ಅದಕ್ಕಿಂತ ಜಾಸ್ತಿಯಾದರೆ ಯಾರೋ ಒಬ್ಬರು ಎದ್ದು ನಿಂತು 'ವೇದಿಕೆ ಮೇಲಿರುವ ಗಣ್ಯರೇ' ಅನ್ನಲು ಶುರು ಮಾಡುತ್ತಾರೆ.

ದಿನ, ಹೊತ್ತು: ಇದು ಚಿಕ್ಕ ವಿಷಯ ಅಲ್ಲ

ಶುಕ್ರವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಬೇಡ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಸಂಜೆಯ ಲೆಕ್ಕ. ನಮ್ಮ ಗುಂಪಿನ ಜೈನ ಅಮ್ಮ ಸೂರ್ಯ ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ. ಸೂರ್ಯ ಮುಳುಗಿದ ಕೂಡಲೇ ಟೈಲರ್ ಚಾಚಾಗೆ ಮಗ್ರಿಬ್ ನಮಾಜು. ಗೋಧೂಳಿ ಹೊತ್ತಿಗೆ ದೀಪ ಹಚ್ಚಲು ಮನೆಗೆ ಹೋಗಲೇಬೇಕು ಅನ್ನುವ ಇಬ್ಬರು ಇದ್ದಾರೆ. ಇದೆಲ್ಲ ನೋಡಿ ನಾಲ್ಕೂವರೆಗೆ ಶುರು, ಆರಕ್ಕೆ ಮುಕ್ತಾಯ ಅಂತ ಇಟ್ಟುಕೊಂಡೆವು. ಮೂರು ಧರ್ಮದವರನ್ನೂ ಸೂರ್ಯನೇ ಮನೆಗೆ ಕಳಿಸುತ್ತಾನೆ, ನಾವು ಯಾರಿಗೂ ಏಳಿ ಅನ್ನಬೇಕಾಗಿಲ್ಲ.

ಒಂದು ಕ್ಯಾಲೆಂಡರಿನಲ್ಲಿ ಎಲ್ಲರ ಹಬ್ಬ, ಉಪವಾಸಗಳನ್ನು ಗುರುತು ಹಾಕಿಟ್ಟುಕೊಳ್ಳಿ. ಚಂದ್ರನ ಲೆಕ್ಕದ ಹಿಜರಿ ವರ್ಷಕ್ಕೆ 354 ದಿನ, ಕೆಲವೊಮ್ಮೆ 355. ಅದಕ್ಕೇ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಸೇರಿಸಿ ಸರಿದೂಗಿಸುತ್ತಾರೆ, ಹಾಗಾಗಿ ಯುಗಾದಿ ಬೇಸಿಗೆ ಬಿಟ್ಟು ಕದಲುವುದಿಲ್ಲ. ಇದರಿಂದಾಗಿ ಎರಡು ಹಬ್ಬ ಒಮ್ಮೊಮ್ಮೆ ಪಕ್ಕಪಕ್ಕ ಬಂದು ನಿಲ್ಲುತ್ತವೆ. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ಈದ್. ಒಂದು ದಿನ ಬೇವು ಬೆಲ್ಲ, ಇನ್ನೊಂದು ದಿನ ಸುರಕುಂಬಾ, ನಮ್ಮ ಬೀದಿಯ ಮಕ್ಕಳಿಗೆ ಎರಡೂ ದಿನ ಮನೆಯಲ್ಲಿ ಊಟ ಸೇರಲಿಲ್ಲ.

ಪಕ್ಕಪಕ್ಕ ಬಂದರೆ ಸಂತೋಷ. ಮೆರವಣಿಗೆಗಳು ಒಂದೇ ದಿನ ಒಂದೇ ರಸ್ತೆಗೆ ಬಂದರೆ ತಲೆನೋವು. 2023ರ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿಯ ಗಣಪತಿ ವಿಸರ್ಜನೆ ಮತ್ತು ಈದ್ ಮಿಲಾದ್ ಒಟ್ಟಿಗೆ ಬಂದವು. ಮುಂಬೈಯಲ್ಲಿ ಮುಸ್ಲಿಂ ಸಂಘಟನೆಗಳು ಕೂತು ಮಾತಾಡಿ ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ಹಾಕಿಕೊಂಡವು. ಇಂಥ ಮಾತುಕತೆ ಹಬ್ಬದ ಹಿಂದಿನ ರಾತ್ರಿ ಠಾಣೆಯಲ್ಲಿ ಕೂತು ಆಡಿದರೆ ಜಗಳವಾಗುತ್ತದೆ. ಎರಡು ತಿಂಗಳು ಮುಂಚೆ ಮಂಡಕ್ಕಿ ತಿನ್ನುತ್ತಾ ಆಡಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ, ಇದು ಎಲ್ಲ ಧರ್ಮಕ್ಕೂ ಒಂದೇ. ಈ ಮಾತನ್ನು ಮೊದಲು ನಿಮ್ಮ ನಿಮ್ಮ ಗುಡಿ, ಮಸೀದಿ, ಚರ್ಚಿನ ಕಮಿಟಿಗೆ ಹೇಳಿ, ಪಕ್ಕದವರದಕ್ಕೆ ಆಮೇಲೆ ಹೋಗುವಿರಂತೆ.

ತಿನ್ನುವುದೇನು

ಇಲ್ಲೇ ನಾವು ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಒಟ್ಟಿಗೆ ಊಟ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಹೇಳಿದಷ್ಟು ಸುಲಭ ಅಲ್ಲ. ಒಬ್ಬರಿಗೆ ಹಲಾಲ್ ಆಗಬೇಕು, ಒಬ್ಬರಿಗೆ ಮೊಟ್ಟೆ ಬಿದ್ದ ಪಾತ್ರೆಯೂ ಆಗುವುದಿಲ್ಲ, ಒಬ್ಬರಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬೇಡ, ಒಬ್ಬರಿಗೆ ಈಸ್ಟರ್ ಮುಂಚಿನ ಲೆಂಟ್ ವ್ರತದ ಕಾಲದಲ್ಲಿ ಮಾಂಸ ಬೇಡ, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ. ಇನ್ನೊಬ್ಬರ ಮನೆಯಲ್ಲಿ ತಿನ್ನುವುದೇ ಮೊದಲು ಅನ್ನುವವರೂ ಇರುತ್ತಾರೆ, ಅವರಿಗೆ ಒಳಗೊಳಗೆ ಅಳುಕು. ಆ ಅಳುಕನ್ನು ಗೇಲಿ ಮಾಡಬೇಡಿ. 'ಇನ್ನೂ ಈ ಕಾಲದಲ್ಲೂ ಹೀಗಾ?' ಅಂದರೆ ಅವರು ಮುಂದಿನ ತಿಂಗಳು ಬರುವುದಿಲ್ಲ, ಅಷ್ಟೇ.

ನಮಗೆ ದಾರಿ ತೋರಿಸಿದ್ದು ಮಂಡಕ್ಕಿ. ದಾವಣಗೆರೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಬೇರೆ ಊರಿನವರಿಗೆ ಹೇಳುತ್ತೇನೆ. ನಮ್ಮಲ್ಲಿ ಭಟ್ಟಿಗಳಲ್ಲಿ ಬಿಸಿ ಮರಳಿನಲ್ಲಿ ಹುರಿದ ಮಂಡಕ್ಕಿ ಚೀಲದ ಲೆಕ್ಕದಲ್ಲಿ ಸಿಗುತ್ತದೆ. ನಾವು ನೆಲಕ್ಕೆ ಚಾಪೆ ಹಾಕಿ, ಮೇಲೆ ಅಗಲವಾಗಿ ಪೇಪರ್ ಹಾಸಿ, ಎರಡು ಸೇರು ಮಂಡಕ್ಕಿ ಸುರಿಯುತ್ತೇವೆ. ಮೊದಲು ಜೈನ ಅಮ್ಮನ ಪಾಲು ಪಕ್ಕಕ್ಕೆ: ಎಣ್ಣೆ, ಉಪ್ಪು, ಖಾರದ ಪುಡಿ, ಪುಟಾಣಿ ಹಿಟ್ಟು, ಕೊತ್ತಂಬರಿ, ನಿಂಬೆಹಣ್ಣು. ಆಮೇಲೆ ಉಳಿದದ್ದಕ್ಕೆ ಹೆಚ್ಚಿದ ಈರುಳ್ಳಿ, ಟೊಮೆಟೊ. ಮೆಣಸಿನಕಾಯಿ ಮಿರ್ಚಿ ಅಂಗಡಿಯಿಂದ ಬರುತ್ತದೆ. ಕಲಸುವುದಕ್ಕೆ ಒಬ್ಬರು ಅಂತ ಇಲ್ಲ. ತಟ್ಟೆಯೂ ಇಲ್ಲ. ಎಲ್ಲರೂ ಸುತ್ತ ಕೂತು ಆ ರಾಶಿಗೇ ಕೈ ಹಾಕುತ್ತಾರೆ.

ಮೊದಲ ದಿನ ಒಬ್ಬರು ರಿಟೈರ್ಡ್ ಮೇಷ್ಟ್ರು ಇಪ್ಪತ್ತು ನಿಮಿಷ ಕೈ ಕಟ್ಟಿ ಕೂತಿದ್ದರು. ಯಾರೂ ತಿನ್ನಿ ಅಂತ ಒತ್ತಾಯ ಮಾಡಲಿಲ್ಲ. ಆಟೋ ಓಡಿಸುವ ಹುಡುಗ ಮಿರ್ಚಿ ಕಚ್ಚಿ ಕಣ್ಣಲ್ಲಿ ನೀರು ಸುರಿಸುತ್ತಾ ಹಾ ಹೂ ಅನ್ನುತ್ತಿದ್ದ. ಮೇಷ್ಟ್ರು 'ತಡಿಯಪ್ಪಾ, ಬರೀ ಮಂಡಕ್ಕಿ ಬಾಯಿಗೆ ಹಾಕ್ಕೋ, ಖಾರ ಹೀರುತ್ತೆ' ಅಂತ ಒಂದು ಹಿಡಿ ತೆಗೆದು ಅವನ ಕೈಗೆ ಕೊಟ್ಟರು. ಬೆರಳಿಗೆ ಅಂಟಿದ್ದನ್ನು ತಾವೂ ಬಾಯಿಗೆ ಹಾಕಿಕೊಂಡರು. ನಾವು ಯಾರೂ ಅದನ್ನು ನೋಡಿದ ಹಾಗೆ ತೋರಿಸಿಕೊಳ್ಳಲಿಲ್ಲ.

ನಿಮ್ಮ ಕಡೆ ಮಂಡಕ್ಕಿ ಇಲ್ಲದಿದ್ದರೆ ಹಣ್ಣು, ಕಡಲೆಕಾಯಿ, ಕಬ್ಬು ಏನಾದರೂ ಆಗಬಹುದು. ಹೆಚ್ಚು ಬೇಯಿಸದ, ಕೈಯಲ್ಲಿ ತಿನ್ನುವ, ಎಲ್ಲರ ಎದುರಿಗೇ ತಯಾರಾಗುವ ತಿಂಡಿ ಇರಲಿ. ಹೋಟೆಲಿನಿಂದ ಪ್ಯಾಕೆಟ್ ತರಿಸಿದರೆ ಒಬ್ಬೊಬ್ಬರೂ ತಮ್ಮ ಪ್ಯಾಕೆಟ್ ಹಿಡಿದು ಮೂಲೆ ಸೇರುತ್ತಾರೆ, ನಮ್ಮ ಉಪ್ಪಿಟ್ಟು ಕೇಸರಿಬಾತಿನ ಕಥೆಯೇ ಮತ್ತೆ. ರಂಜಾನ್ ತಿಂಗಳಲ್ಲಿ ಮಾತ್ರ ಇಫ್ತಾರ್ ಹೊತ್ತಿಗೆ ಸೇರಿ. ನಮ್ಮ ಜೈನ ಅಮ್ಮ ಆ ತಿಂಗಳು ಮನೆಯಲ್ಲೇ ಬೇಗ ತಿಂದು ಬಂದು, ಖರ್ಜೂರದ ತಟ್ಟೆ ಹಿಡಿದು ಎಲ್ಲರಿಗೂ ಹಂಚುತ್ತಾರೆ. 

ಖರ್ಚಿಗೆ ತಲಾ 20 ರೂಪಾಯಿ. ಯಾವ ಪಕ್ಷದ, ಯಾವ ದೊಡ್ಡವರ ದುಡ್ಡೂ ಬೇಡ. ದುಡ್ಡು ಬಂದರೆ ಹಿಂದೆಯೇ ಬ್ಯಾನರ್ ಬರುತ್ತದೆ.

ಮಾತು

ಮೊದಲ ಆರು ತಿಂಗಳು ದೇವರ ಬಗ್ಗೆ ಚರ್ಚೆ ಬೇಡ. ಸ್ವಾಮಿ ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಚಿಕಾಗೋದಲ್ಲಿ ಮಾತಾಡಿದ್ದು ನಮಗೆಲ್ಲ ಬಾಯಿಪಾಠ. ಅದಕ್ಕೆ ಮುಂಚಿನ ವರ್ಷಗಳು ಅಷ್ಟಾಗಿ ನೆನಪಿರುವುದಿಲ್ಲ. 1891ರಲ್ಲಿ ಅವರು ಮೌಂಟ್ ಅಬುವಿನಲ್ಲಿ ಒಬ್ಬ ಮುಸ್ಲಿಂ ವಕೀಲರ ಮನೆಯಲ್ಲಿ ಉಳಿದುಕೊಂಡಿದ್ದರು, ಸನ್ಯಾಸಿಯಾಗಿ ಹೀಗೆ ಮಾಡಬಹುದಾ ಅಂತ ಕೇಳಿದವರಿಗೆ ಉತ್ತರವನ್ನೂ ಕೊಟ್ಟರು. 1892ರಲ್ಲಿ ಬೆಳಗಾವಿ, ಮೈಸೂರಿನಲ್ಲೂ ಯಾರ್ಯಾರದೋ ಮನೆಯ ಅತಿಥಿಯಾಗಿದ್ದರು. ಅಂದರೆ ಊಟ ಮೊದಲು, ಭಾಷಣ ಆಮೇಲೆ. ನಾವು ಉಲ್ಟಾ ಮಾಡಿದ್ದಕ್ಕೇ 18 ಸಾವಿರ ಹೋಯಿತು.

ಹಾಗಾದರೆ ಏನು ಮಾತಾಡುವುದು? ನಿಮಗೆ ಈ ಹೆಸರು ಇಟ್ಟವರು ಯಾರು? ಹಬ್ಬದ ಹಿಂದಿನ ರಾತ್ರಿ ನಿಮ್ಮ ಮನೆಯಲ್ಲಿ ಏನು ನಡೆಯುತ್ತೆ? ಚಿಕ್ಕವರಿದ್ದಾಗ ದೇವರ ವಿಷಯಕ್ಕೆ ಏಟು ತಿಂದಿದ್ದೀರಾ? ಈ ಮೂರನೇ ಪ್ರಶ್ನೆ ನಮ್ಮಲ್ಲಿ ಎರಡು ತಿಂಗಳು ಓಡಿತು. ನೈವೇದ್ಯದ ಕಡುಬು ಕದ್ದವರು, ಮದರಸಾ ತಪ್ಪಿಸಿ ಕೆರೆಗೆ ಈಜಲು ಹೋದವರು, ಚರ್ಚಿನಲ್ಲಿ ನಿದ್ದೆ ಮಾಡಿ ಬೆಂಚಿನಿಂದ ಬಿದ್ದವರು, ಎಲ್ಲರ ಕಥೆಯೂ ಬಂತು.

ಎರಡೇ ಕಟ್ಟುಪಾಡು ಇಟ್ಟುಕೊಂಡಿದ್ದೇವೆ. ಒಂದು, 'ನಿಮ್ಮವರು' ಅನ್ನುವ ಪದ ಬಳಸಬಾರದು. ಎಲ್ಲೋ ದೂರದ ಊರಿನಲ್ಲಿ, ಬೇರೆ ದೇಶದಲ್ಲಿ ಯಾರೋ ಮಾಡಿದ್ದಕ್ಕೆ ಇಲ್ಲಿ ಕೂತ ಟೈಲರ್ ಚಾಚಾ ಉತ್ತರ ಕೊಡಬೇಕಾಗಿಲ್ಲ, ಫಾದರ್ ಕೊಡಬೇಕಾಗಿಲ್ಲ, ಮೇಷ್ಟ್ರೂ ಕೊಡಬೇಕಾಗಿಲ್ಲ. ಎರಡು, ನಿಮಗೆ ಆದದ್ದನ್ನು ಹೇಳಿ, ಕೇಳಿದ್ದನ್ನು, ಫಾರ್ವರ್ಡ್ ಬಂದದ್ದನ್ನು ಹೇಳಬೇಡಿ. ತಪ್ಪಿದವರು ಮುಂದಿನ ಸಲ ಮಿರ್ಚಿ ಕೊಡಿಸಬೇಕು. ನಾನು ಮೂರು ಸಲ ಕೊಡಿಸಿದ್ದೇನೆ.

ಒಂದು ಕೆಲಸ ಹಿಡಿಯಿರಿ

ಬರೀ ಮಾತು ಏಳೆಂಟು ತಿಂಗಳಿಗೆ ಸಾಕಾಗುತ್ತದೆ. ಗಾರ್ಡನ್ ಆಲ್‌ಪೋರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನು ಹೇಳಿದ್ದರು. ಬೇರೆ ಬೇರೆ ಗುಂಪಿನವರು ಸುಮ್ನೆ ಹತ್ತಿರ ಇದ್ದರೆ ಪೂರ್ವಗ್ರಹ ಹೋಗುವುದಿಲ್ಲ. ಸಮಾನರಾಗಿ ಕೂರಬೇಕು, ಗುರಿ ಒಂದೇ ಇರಬೇಕು, ಅದಕ್ಕಾಗಿ ಒಬ್ಬರ ಮೇಲೆ ಒಬ್ಬರು ಅವಲಂಬಿಸಬೇಕು, ಮೇಲಿನವರ ಒಪ್ಪಿಗೆಯೂ ಇರಬೇಕು. ಗಲಭೆ ಆದ, ಆಗದ ಭಾರತದ ಊರುಗಳನ್ನು ಹೋಲಿಸಿ ನೋಡಿದ ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಅವರಿಗೂ ಇಂಥದ್ದೇ ಕಂಡಿತು. ಹಬ್ಬಕ್ಕೆ ಸಿಹಿ ಕೊಡುವ ನೆರೆಹೊರೆಯ ಪ್ರೀತಿ ಹಳ್ಳಿಗೆ ಸಾಕಾಗಬಹುದು, ಆದರೆ ದೊಡ್ಡ ಊರಿನಲ್ಲಿ ಗಲಭೆ ತಡೆಯುವುದು ಎರಡೂ ಧರ್ಮದವರು ಒಟ್ಟಿಗೆ ಇರುವ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ಓದುಗರ ಬಳಗದಂಥ ಸಂಘಗಳು.

ನಾವು ಹಿಡಿದದ್ದು ಚರಂಡಿ. ಮಳೆ ಬಂದರೆ ಎರಡೂ ಬೀದಿಯ ಕೊಳಚೆ ಒಂದೇ ತಗ್ಗಿಗೆ ಹರಿಯುತ್ತಿತ್ತು, ಸೊಳ್ಳೆಗೆ ಯಾವ ಧರ್ಮವೂ ಇಲ್ಲವಲ್ಲ. ಒಂದು ಅರ್ಜಿ, ಎರಡೂ ಬೀದಿಯವರ ಸಹಿ, ವಾರಕ್ಕೊಮ್ಮೆ ಕಚೇರಿಗೆ ಇಬ್ಬಿಬ್ಬರು, ಯಾವಾಗಲೂ ಒಂದೇ ಬೀದಿಯ ಇಬ್ಬರಲ್ಲ, ಬೀದಿಗೊಬ್ಬರು. ಬಸ್ ಸ್ಟಾಪಿನಲ್ಲಿ ಕಾಯುತ್ತಾ, ಕಚೇರಿಯ ಬೆಂಚಿನ ಮೇಲೆ ಕೂತು 'ಸಾಹೇಬ್ರು ಮೀಟಿಂಗಲ್ಲಿದ್ದಾರೆ' ಅಂತ ಕೇಳಿಸಿಕೊಳ್ಳುತ್ತಾ ಆದ ಗೆಳೆತನ ಗಟ್ಟಿ. ಚರಂಡಿ ಆಗಲು ಹದಿನಾಲ್ಕು ತಿಂಗಳು ಹಿಡಿಯಿತು. ಬೇಗ ಆಗಿದ್ದರೆ ಅಷ್ಟು ಗೆಳೆತನ ಆಗುತ್ತಿರಲಿಲ್ಲವೇನೋ.

ರಕ್ತದಾನ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಪಾಠ, ಸ್ಮಶಾನ ಮತ್ತು ಖಬರಸ್ತಾನದ ಕಾಂಪೌಂಡು, ಏನಾದರೂ ಹಿಡಿಯಬಹುದು. ಎಲ್ಲರಿಗೂ ಲಾಭ ಇರುವ, ಒಬ್ಬರ ಕೈಯಲ್ಲಿ ಆಗದ ಕೆಲಸ ಇರಲಿ.

ಸುಳ್ಳು ಸುದ್ದಿ ಬರುವ ಮುಂಚೆ

2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ರೈಲ್ವೆ ಸ್ಟೇಷನ್ ನೆನಪಿದೆಯಾ? ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ಆಗುತ್ತದೆ ಎಂಬ ಗಾಳಿಸುದ್ದಿಗೆ ಹೆದರಿ ಸಾವಿರಾರು ಜನ ಬ್ಯಾಗು ಹಿಡಿದು ಗುವಾಹಟಿ ರೈಲು ಹತ್ತಿದರು. ಕೇಂದ್ರ ಸರ್ಕಾರ ಒಟ್ಟಿಗೆ ಕಳಿಸುವ ಎಸ್ಸೆಮ್ಮೆಸ್‌ಗಳ ಮೇಲೆ 15 ದಿನ ನಿರ್ಬಂಧ ಹಾಕಬೇಕಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೂ ಘೋರ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು, ಮಕ್ಕಳ ಕಳ್ಳರು ಅಂತ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿತು, ಒಬ್ಬ ಯುವಕ ಜನರ ಹೊಡೆತಕ್ಕೆ ಸತ್ತೇಹೋದ.

ಅಂಥ ಹೊತ್ತಿನಲ್ಲಿ ಬುದ್ಧಿ ಕೆಲಸ ಮಾಡುವುದಿಲ್ಲ, ಮುಂಚೆಯೇ ಮಾಡಿಟ್ಟ ಏರ್ಪಾಡು ಮಾತ್ರ ಕೆಲಸ ಮಾಡುತ್ತದೆ. ನಮ್ಮ ಏರ್ಪಾಡು ಇಷ್ಟೇ. ಗುಂಪಿನ ಪ್ರತಿಯೊಬ್ಬರ ಫೋನಿನಲ್ಲೂ ಬೇರೆ ಸಮುದಾಯದ ಇಬ್ಬರ ನಂಬರ್ ಇರಬೇಕು, ರಾತ್ರಿ ಹನ್ನೆರಡಕ್ಕೆ ಮಾಡಿದರೂ ಎತ್ತುವವರದ್ದು. ಕೆಟ್ಟ ಸುದ್ದಿ ಬಂದರೆ ಮೊದಲು ಆ ನಂಬರಿಗೆ ಫೋನ್, 'ಹೀಗಂತ ಬಂದಿದೆ, ನಿಮ್ಮ ಕಡೆ ಏನು?' ಅಂತ. ಫೋಟೊ ಇದ್ದರೆ ಗೂಗಲ್‌ನಲ್ಲಿ ಫೋಟೊ ಹಾಕಿ ಹುಡುಕಿ. ಬೇರೆ ದೇಶದ, ಹತ್ತು ವರ್ಷ ಹಳೆಯ ಫೋಟೊ ಆಗಿರುವುದೇ ಹೆಚ್ಚು. ಯಾರಿಗಾದರೂ ಅಪಾಯ ಇದೆ ಅನಿಸಿದರೆ ತಡ ಮಾಡದೆ 112. ಸುಳ್ಳು ಅಂತ ಗೊತ್ತಾದ ಮೇಲೆ 'ಇದು ಸುಳ್ಳು' ಅಂತ ನೂರು ಜನಕ್ಕೆ ಫಾರ್ವರ್ಡ್ ಮಾಡುವ ಬದಲು, ನಿಮಗೆ ಕಳಿಸಿದವರಿಗೆ ಫೋನ್ ಮಾಡಿ ಹೇಳಿ. ಎಲ್ಲರೆದುರು ತಪ್ಪು ತೋರಿಸಿದರೆ ಅವರಿಗೆ ಅವಮಾನ, ಆಮೇಲೆ ಹಟಕ್ಕೆ ಬೀಳುತ್ತಾರೆ.

ಇದಕ್ಕೆ ದೊಡ್ಡ ಉದಾಹರಣೆ ಭಿವಂಡಿ. ಮುಂಬೈ ಹತ್ತಿರದ ಮಗ್ಗದ ಊರು, 1970 ಮತ್ತು 1984ರಲ್ಲಿ ಹತ್ತಿ ಉರಿದಿತ್ತು. 1988ರಲ್ಲಿ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಮೊಹಲ್ಲಾ ಕಮಿಟಿಗಳನ್ನು ಕಟ್ಟಿಸಿದರು. ಎರಡೂ ಧರ್ಮದ ಸಾಮಾನ್ಯ ಜನ, ಜೊತೆಗೆ ಪೊಲೀಸರು, ಆಗಾಗ ಸೇರಿ ಬಾಡಿಗೆ ಜಗಳ, ನಲ್ಲಿ ಜಗಳ ಅಂತ ಚಿಕ್ಕಪುಟ್ಟದ್ದನ್ನೇ ಬಗೆಹರಿಸುತ್ತಿದ್ದರು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬೈ ಉರಿಯುವಾಗ ಭಿವಂಡಿ ಶಾಂತವಾಗಿತ್ತು.

ಗಾಯ ಆಗಿರುವ ಕಡೆ

ನಿಮ್ಮ ಊರಿನಲ್ಲಿ ಈಗಾಗಲೇ ಗಲಭೆ ನಡೆದು ಯಾರದೋ ಅಂಗಡಿ ಸುಟ್ಟಿದ್ದರೆ, ಯಾರದೋ ಮಗ ಹೋಗಿದ್ದರೆ, ಮಂಡಕ್ಕಿ ಹಿಡಿದು ಹೋಗಬೇಡಿ. ಸುಮ್ಮನೆ ಹೋಗಿ ಕೂರಿ. ಮಾತು ಅವರೇ ಶುರು ಮಾಡಲಿ. ಕ್ಷಮಿಸಿ ಬಿಡಿ ಅಂತ ಹೇಳುವ ಹಕ್ಕು ನಮಗಿಲ್ಲ, ನ್ಯಾಯ ಕೇಳುವುದನ್ನು ಬಿಡಿ ಅನ್ನುವ ಹಕ್ಕಂತೂ ಇಲ್ಲವೇ ಇಲ್ಲ. ಕೇಸು, ಪರಿಹಾರದ ಕಾಗದಪತ್ರಕ್ಕೆ ಜೊತೆಗೆ ಓಡಾಡಿ, ಅದೇ ದೊಡ್ಡ ಕೆಲಸ.

ನೈಜೀರಿಯಾದ ಕಡೂನಾದಲ್ಲಿ ಇಮಾಮ್ ಮುಹಮ್ಮದ್ ಅಶಾಫಾ ಮತ್ತು ಪಾಸ್ಟರ್ ಜೇಮ್ಸ್ ವುಯೆ ಒಬ್ಬರನ್ನೊಬ್ಬರು ಕೊಲ್ಲಲು ಹೊರಟಿದ್ದವರು. ಇಬ್ಬರೂ ತಮ್ಮ ತಮ್ಮ ಕಡೆಯ ಹುಡುಗರ ಪಡೆಗೆ ಮುಂದಾಳು. 1992ರ ಗಲಭೆಯಲ್ಲಿ ವುಯೆ ಬಲಗೈ ಕಳೆದುಕೊಂಡರು, ಅಶಾಫಾ ತಮ್ಮ ಗುರುವನ್ನೂ ಇಬ್ಬರು ಸಂಬಂಧಿಕರನ್ನೂ ಕಳೆದುಕೊಂಡರು. 1995ರಲ್ಲಿ ಇಬ್ಬರೂ ಸೇರಿ ಸಂಧಾನ ಕೇಂದ್ರ ಶುರು ಮಾಡಿದರು. ನಡುವೆ ಇದ್ದ ಆ ಮೂರು ವರ್ಷ ಮುಖ್ಯ. ಒಂದೇ ಭೇಟಿಯಲ್ಲಿ ಕೈ ಕುಲುಕಿ ಫೋಟೊ ತೆಗೆಸಿಕೊಳ್ಳುವ ಆತುರ ನಮಗಿರುತ್ತದೆ.

ಬೀದಿಯಿಂದ ಆಚೆ

ಪ್ರಪಂಚ ನಮ್ಮಲ್ಲಿಗೇ ಬಂದಿದೆ, ನೋಡುವುದಿಲ್ಲ ಅಷ್ಟೇ. ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು 1960ರ ದಶಕದ ಶುರುವಿನಿಂದ ಇದ್ದಾರೆ. ನಾವು ಹೋಗುವುದು ಬಂಗಾರದ ಬುದ್ಧನ ಮುಂದೆ ಸೆಲ್ಫಿ ತೆಗೆದುಕೊಂಡು ಮೊಮೊ ತಿಂದು ಬರಲಿಕ್ಕೆ. ಮುಂದಿನ ಸಲ ಹೋದಾಗ ಅಂಗಡಿಯ ಅಜ್ಜಿಯನ್ನು ಕನ್ನಡದಲ್ಲೇ ಮಾತಾಡಿಸಿ, ಕೆಲವರು ನಮಗಿಂತ ಚೆನ್ನಾಗಿ ಮಾತಾಡುತ್ತಾರೆ. ಮೈಸೂರು, ಬೆಂಗಳೂರು, ಮಣಿಪಾಲದಲ್ಲಿ ಹೊರದೇಶದ ವಿದ್ಯಾರ್ಥಿಗಳಿದ್ದಾರೆ, ದೀಪಾವಳಿಗೆ ಹಾಸ್ಟೆಲ್ ಖಾಲಿಯಾದಾಗ ಅವರೆಲ್ಲಿ ಹೋಗುತ್ತಾರೆ? ಒಬ್ಬರನ್ನು ಊಟಕ್ಕೆ ಕರೆಯಿರಿ. ಅವರ ಹಬ್ಬ ಯಾವಾಗ ಅಂತಲೂ ಕೇಳಿಟ್ಟುಕೊಳ್ಳಿ, ಬರೀ ನಮ್ಮದನ್ನು ತೋರಿಸಿ ಕಳಿಸುವುದಲ್ಲ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಇದು ಇನ್ನೂ ಸುಲಭ. ಅಲ್ಲಿ ನಾವೇ ಅಲ್ಪಸಂಖ್ಯಾತರು, ಗಣಪತಿ ಕೂರಿಸಲು ಹಾಲ್ ಕೇಳಿಕೊಂಡು ಓಡಾಡುವುದು ಹೇಗಿರುತ್ತದೆ ಅಂತ ಗೊತ್ತು. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಕನ್ನಡ ಮಾತಾಡುವ ಬ್ಯಾರಿ, ಕೊಂಕಣಿ ಕ್ರಿಶ್ಚಿಯನ್, ದಖ್ಖನಿ ಮನೆಗಳಿಗೂ ಕರೆ ಹೋಗಿದೆಯಾ ಅಂತ ಒಮ್ಮೆ ಪಟ್ಟಿ ನೋಡಿ.

ಕಾರಣ ಬೇಕು ಅನ್ನುವವರಿಗೆ ವಿಶ್ವಸಂಸ್ಥೆಯ ದಿನಗಳಿವೆ. ಸೆಪ್ಟೆಂಬರ್ 21 ಶಾಂತಿ ದಿನ. ಫೆಬ್ರವರಿ ಮೊದಲ ವಾರ ಧರ್ಮಗಳ ನಡುವಿನ ಸೌಹಾರ್ದದ ಸಪ್ತಾಹ, ಜೋರ್ಡಾನ್ ದೊರೆ ಎರಡನೇ ಅಬ್ದುಲ್ಲಾ 2010ರಲ್ಲಿ ಸೂಚಿಸಿದ್ದು. ಆ ವಾರ ನಾವು ಒಬ್ಬೊಬ್ಬರ ಪೂಜೆಯ ಜಾಗಕ್ಕೆ ಎಲ್ಲರೂ ಹೋಗುತ್ತೇವೆ. ಚಪ್ಪಲಿ ಎಲ್ಲಿ ಬಿಡಬೇಕು, ತಲೆಗೆ ಬಟ್ಟೆ ಬೇಕಾ, ಪ್ರಸಾದ ತೆಗೆದುಕೊಳ್ಳಲೇಬೇಕಾ ಅಂತ ಮುಂಚೆಯೇ ಕೇಳಿಕೊಂಡು ಹೋಗಿ. ಬೇಡ ಅನಿಸಿದವರು ಹೊರಗೆ ನಿಂತು ಚಪ್ಪಲಿ ಕಾಯಲಿ, ಯಾರೂ ಏನೂ ಅಂದುಕೊಳ್ಳಬಾರದು. ಮೇಷ್ಟ್ರು ಮೊದಲ ವರ್ಷ ಮೂರು ಕಡೆಯೂ ಚಪ್ಪಲಿಯೇ ಕಾಯ್ದರು.

ಮುಂದಿನ ಶನಿವಾರ ಖಾಲಾ ಮನೆಯಲ್ಲಿ. ಈರುಳ್ಳಿ ಹೆಚ್ಚುವ ಪಾಳಿ ನನ್ನದು. ಕಳೆದ ತಿಂಗಳು ಮಾತಿನ ಭರದಲ್ಲಿ ಜೈನ ಅಮ್ಮನ ಪಾಲು ತೆಗೆದಿಡುವುದನ್ನು ಮರೆತು ಎಲ್ಲದಕ್ಕೂ ಈರುಳ್ಳಿ ಸುರಿದುಬಿಟ್ಟಿದ್ದೆ. ಅವರು ಬಾಳೆಹಣ್ಣು ತಿಂದು ಸುಮ್ಮನಿದ್ದರು. ಈ ಸಲ ಖಾಲಾ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ್ದಾರೆ, 'ಅಮ್ಮಂದು ನಾನೇ ಮೊದಲು ಬೇರೆ ಡಬ್ಬಿಗೆ ತೆಗೆದಿಡ್ತೀನಿ, ನೀವು ಬರೋವರೆಗೂ ಚಾಕು ಕೊಡಲ್ಲ' ಅಂತ.